ನಾಲ್ಕನೇ ಟ್ಯಾಂಕಿನ ಹಸಿರು ಗುರುತು

ಆ ಹಸಿರು ಬಣ್ಣವನ್ನು ಆರಿಸಿದ್ದು ನಾನೇ. ಮೊದಲು ಗಿಳಿಹಸಿರು ಇಟ್ಟಿದ್ದೆ, ಬಿಸಿಲಿನಲ್ಲಿ ಕಾಣುವುದಿಲ್ಲ ಎಂದು ಸ್ವಲ್ಪ ಗಾಢ ಮಾಡಿದೆ. ನೀರಿನ ಟ್ಯಾಂಕಿನ ಮೇಲೆ ನಿಂತ ಮನುಷ್ಯ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಾನೆ, ಅವನಿಗೆ ಓದುವ ಪುರುಸೊತ್ತು ಇರುವುದಿಲ್ಲ, ಬಣ್ಣ ಕಂಡರೆ ಸಾಕು ಎಂದೆಲ್ಲ ಯೋಚಿಸಿ ಮಾಡಿದ್ದೆ. ಅಷ್ಟೆಲ್ಲ ಯೋಚಿಸಿದವಳು ಆ ಹಸಿರು ಹೇಳುವುದು ನಿಜವೇ ಎಂದು ಮಾತ್ರ ಯೋಚಿಸಿರಲಿಲ್ಲ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು. ಬೆಳಿಗ್ಗೆ ಗುಬ್ಬಿಯಿಂದ ರೈಲಿನಲ್ಲಿ ಬಂದು, ಸಂಜೆ ರೈಲಿನಲ್ಲೇ ವಾಪಸ್. ಮದುವೆ ಛತ್ರ, ಟ್ಯೂಷನ್ ಸೆಂಟರ್, ಕೊಬ್ಬರಿ ಮಂಡಿ, ಯಾರು ಕೇಳಿದರೂ ವೆಬ್‌ಸೈಟ್ ಮಾಡಿಕೊಡುತ್ತೇನೆ. ಕುಣಿಗಲ್ ಕಡೆಯ ಒಂದು ಪಂಚಾಯ್ತಿಯವರು ನನ್ನನ್ನು ಹುಡುಕಿಕೊಂಡು ಬಂದದ್ದು ಹಾಗೇ. ಆ ಊರಿನಿಂದ ಹುತ್ರಿದುರ್ಗದ ಬೆಟ್ಟ ಚೆನ್ನಾಗಿ ಕಾಣುತ್ತದೆ, ಫೋನಿನ ಸಿಗ್ನಲ್ ಕಾಣುವುದಿಲ್ಲ, ಎತ್ತರಕ್ಕೆ ಹತ್ತಿದರೆ ಒಂದು ಎಳೆ ಸಿಕ್ಕೀತು. ಪಂಚಾಯ್ತಿಗೆ ಆರು ಟ್ಯಾಂಕು, ಆರು ಜನ ನೀರುಗಂಟಿಗಳು. ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುವುದು, ಅದಕ್ಕೂ ಮೊದಲು ಟ್ಯಾಂಕಿಗೆ ಹತ್ತಿ ಬ್ಲೀಚಿಂಗ್ ಪೌಡರ್ ಹಾಕುವುದು ಅವರ ಕೆಲಸ. ಹಾಕಿದ್ದನ್ನು ಅವರು ಫೋನಿನಲ್ಲಿ ದಾಖಲು ಮಾಡಬೇಕು, ಒಂದು ಫೋಟೋ ಸಮೇತ. ಪಂಚಾಯ್ತಿ ಕೇಳಿದ್ದು ಇಷ್ಟೇ.

ಆಪ್ ಬೇಡ, ವೆಬ್ ಪೇಜೇ ಸಾಕು ಎಂದವಳು ನಾನು. ಅದರಲ್ಲಿ ನನಗೆ ಒಂಥರಾ ಹಟ ಇದೆ. ಆಪ್ ಅಂದರೆ ಆನ್‌ಲೈನ್ ಅಂಗಡಿಯಿಂದ ಇಳಿಸಿಕೊಳ್ಳಬೇಕು, ಜಾಗ ಬೇಕು, ಹೊಸ ಫೋನು ಬೇಕು. ವೆಬ್ ಪೇಜು ಹಾಗಲ್ಲ, ಬ್ರೌಸರ್ ಇರುವ ಯಾವ ಡಬ್ಬಾ ಫೋನಿನಲ್ಲೂ ತೆರೆದುಕೊಳ್ಳುತ್ತದೆ. ಒಂದೇ ನಿಯಮಕ್ಕೆ ಎಲ್ಲ ಬ್ರೌಸರುಗಳೂ ತಲೆಬಾಗಬೇಕು ಎಂಬ ವೆಬ್ ಸ್ಟ್ಯಾಂಡರ್ಡ್‌ಗಳ ಮೇಲೆ ನನಗೆ ಭಕ್ತಿಯೇ ಇತ್ತು. ಈಗ ಸಿಗ್ನಲ್ ಇಲ್ಲದಿದ್ದರೂ ಪೇಜು ಕೆಲಸ ಮಾಡುವಂತೆ ಬರೆಯಬಹುದು. ಬಟನ್ ಒತ್ತಿದರೆ ದಾಖಲೆ ಫೋನಿನಲ್ಲೇ, ಬ್ರೌಸರಿನ ಉಗ್ರಾಣದಲ್ಲಿ ಕೂರುತ್ತದೆ. ಸಿಗ್ನಲ್ ಸಿಕ್ಕಾಗ ಸರ್ವರಿಗೆ ಹೋಗುತ್ತದೆ. ಉಗ್ರಾಣದಲ್ಲಿ ಕೂತ ತಕ್ಷಣ ಹಸಿರು ಗುರುತು ಬರುವಂತೆ ಮಾಡಿದೆ. ಪಾಪ, ಅವರನ್ನು ಕಾಯಿಸುವುದು ಯಾಕೆ ಎಂದು.

ಪ್ರತಿ ಸೋಮವಾರ ನೀರುಗಂಟಿಗಳು ಪೌಡರ್ ತೆಗೆದುಕೊಳ್ಳಲು ಪಂಚಾಯ್ತಿ ಆಫೀಸಿಗೆ ಬರುತ್ತಿದ್ದರು. ಅಲ್ಲಿ ವೈಫೈ ಇತ್ತು. ವಾರದ ದಾಖಲೆಗಳೆಲ್ಲ ಅಲ್ಲಿ ಒಟ್ಟಿಗೆ ಹೋಗುತ್ತಿದ್ದವು. ಏಳು ತಿಂಗಳು ಒಂದೂ ದೂರು ಬರಲಿಲ್ಲ.

ನಾಲ್ಕನೇ ಟ್ಯಾಂಕಿನ ನೀರುಗಂಟಿಗೆ ಐವತ್ತು ದಾಟಿತ್ತು. ಯಾರೋ ಬಳಸಿ ಬಿಟ್ಟ ಫೋನು, ಒಡೆದ ಗಾಜಿಗೆ ಟೇಪು. ತರಬೇತಿಯ ದಿನ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವನು ಅವನೇ. "ಹಸ್ರು ಬಂದ್ರೆ ಮುಗೀತಾ ಮೇಡಮ್ಮೋರೆ? ಇನ್ನೇನೂ ಒತ್ತಂಗಿಲ್ವಾ?" ಎಂದಿದ್ದ. "ಹಸಿರು ಬಂದ್ರೆ ಮುಗೀತು ಅಣ್ಣಾ, ಆರಾಮಾಗಿ ಇಳೀರಿ" ಎಂದಿದ್ದೆ.

ಗೌರಿ ಗಣೇಶ ಹಬ್ಬ ಸೋಮವಾರ ಬಂತು, ಆಫೀಸಿಗೆ ರಜೆ. ಎರಡು ವಾರದ ಪೌಡರನ್ನು ಹಿಂದಿನ ಸೋಮವಾರವೇ ಎಲ್ಲರಿಗೂ ಕೊಟ್ಟು ಕಳಿಸಿದ್ದರು, ಹಾಗಾಗಿ ಯಾರೂ ಬರಲಿಲ್ಲ. ಹಬ್ಬ ಕಳೆದು ಮೂರನೇ ದಿನ, ಗುರುವಾರ, ನೀರುಗಂಟಿ ಟ್ಯಾಂಕು ಹತ್ತುವ ಮೊದಲೇ, ನಸುಕಿನಲ್ಲಿ, ನಾಲ್ಕನೇ ಟ್ಯಾಂಕಿನ ನೀರು ಕುಡಿಯುವ ಓಣಿಗಳಲ್ಲಿ ವಾಂತಿ ಭೇದಿ ಶುರುವಾಯಿತು. ಕುಣಿಗಲ್ ಆಸ್ಪತ್ರೆಗೆ ಆಟೋ ಮೇಲೆ ಆಟೋ. ಟ್ಯಾಂಕಿನ ಪಕ್ಕದ ಮನೆಯ ಮುದುಕಿಯೊಬ್ಬರು ಸಂಜೆ ಹೊತ್ತಿಗೆ ತೀರಿಕೊಂಡರು.

ಶುಕ್ರವಾರ ಬೆಳಿಗ್ಗೆ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಫೋನ್ ಮಾಡಿದರು. "ಮೇಡಂ, ನಾಲ್ಕನೇ ನಂಬರ್ದು ಒಂಬತ್ತು ದಿನದಿಂದ ಒಂದು ಎಂಟ್ರಿನೂ ಇಲ್ಲ. ಈಗ್ಲೇ ಬರ್ಬೇಕು ನೀವು" ಎಂದರು. ಹೋದೆ. ಪಂಚಾಯ್ತಿ ಹಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಬೇರೆ ಐದು ಟ್ಯಾಂಕುಗಳ ದಾಖಲೆ ಆ ಬೆಳಿಗ್ಗೆ ವೈಫೈ ಸಿಕ್ಕ ಕೂಡಲೇ ಬಂದಿದ್ದವು. ನಾಲ್ಕನೆಯದರ ಪುಟ ಮಾತ್ರ ಖಾಲಿ. ಅವನ ಫೋನು ಮೇಜಿನ ಮೇಲಿತ್ತು. ತೆರೆದು ನೋಡಿದೆ, ಅದರಲ್ಲೂ ಖಾಲಿ. ಪೇಜಿನೊಳಗೆ ತೆಗೆದ ಫೋಟೋ ಗ್ಯಾಲರಿಗೆ ಹೋಗುವುದಿಲ್ಲ, ಹಾಗಾಗಿ ಅಲ್ಲಿಯೂ ಏನೂ ಇರಲಿಲ್ಲ. ಉಳಿದ ಪೌಡರ್ ನೋಡಿ ಲೆಕ್ಕ ಹಾಕೋಣ ಎಂದರೆ, ಗುರುವಾರದ ಗಾಬರಿಯಲ್ಲಿ ಯಾರೋ ಚೀಲವನ್ನೇ ಟ್ಯಾಂಕಿಗೆ ಸುರಿದುಬಿಟ್ಟಿದ್ದರು.

ಪಿಡಿಒ ಎಲ್ಲರ ಎದುರಿಗೆ ಕೇಳಿದರು. "ನೋಡಿ ಮೇಡಂ, ಮಾಡಿದೋರು ನೀವು. ಇವ್ನು ಒತ್ತಿದ್ದಿದ್ರೆ ಅದು ಇಲ್ಲಿ ಇರ್ಬೇಕಾ, ಬೇಡ್ವಾ?"

"ಒತ್ತಿದ್ರೆ ಇರ್ಬೇಕು ಸಾರ್" ಎಂದೆ.

ಅಷ್ಟೇ ನಾನು ಆಡಿದ್ದು. ಹಾಲಿನಲ್ಲಿ ಗದ್ದಲ ಎದ್ದಿತು. ನೀರುಗಂಟಿ ಬೈದವರ ಕಡೆ ತಿರುಗಲೇ ಇಲ್ಲ, ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದ ನೋಡಿದ್ದರೆ ನನಗೆ ವಾಸಿಯಿತ್ತು. ಲೆಕ್ಕ ತಪ್ಪಿದ ಹುಡುಗ ಮೇಷ್ಟ್ರನ್ನು ನೋಡುವ ಹಾಗೆ ನೋಡುತ್ತಿದ್ದ. "ಹಸ್ರು ಬಂತಲ್ಲ ಮೇಡಮ್ಮೋರೆ. ದಿನಾ ಹಸ್ರು ಬಂತು" ಎಂದ. ನಾನು ಅವನ ಫೋನನ್ನು ಮೇಜಿನ ಮೇಲೆ ವಾಪಸ್ ಇಟ್ಟೆ. ಅವತ್ತೇ ಅವನನ್ನು ಕೆಲಸದಿಂದ ನಿಲ್ಲಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಮಾತೇ ತಲೆಯಲ್ಲಿ. ಕೆಲಸ ಮಾಡದವನು ಸಾಮಾನ್ಯವಾಗಿ 'ಸಿಗ್ನಲ್ ಇರಲಿಲ್ಲ, ಫೋನು ಕೆಟ್ಟಿತ್ತು' ಎನ್ನುತ್ತಾನೆ. ಇವನು ಹಸಿರು ಬಂತು ಎನ್ನುತ್ತಿದ್ದಾನೆ. ಹಸಿರು ಬಂದಿದ್ದರೆ ದಾಖಲೆ ಉಗ್ರಾಣದಲ್ಲಿ ಕೂತಿತ್ತು ಎಂದೇ ಅರ್ಥ, ಯಾಕೆಂದರೆ ಹಾಗೆ ಬರೆದದ್ದು ನಾನು. ಕೂತಿದ್ದು ಎಲ್ಲಿಗೆ ಹೋಯಿತು?

ಭಾನುವಾರ ಗುಬ್ಬಿಯಲ್ಲಿ ಅಬ್ಬಾನ, ಅಂದರೆ ನಮ್ಮಪ್ಪನ, ಅಂಗಡಿಗೆ ಹೋದೆ. ಅಬ್ಬಾ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು, ಈಗ ಮೊಬೈಲ್. ಗಿರಾಕಿಗಳು ಬಿಟ್ಟುಹೋದ ಹಳೆ ಫೋನುಗಳ ಒಂದು ಡಬ್ಬವಿದೆ. ಅದರಲ್ಲಿ ನೀರುಗಂಟಿಯ ಫೋನಿನಂಥದ್ದೇ ಒಂದನ್ನು ಆರಿಸಿದೆ. ಸಿಗ್ನಲ್ ಬಂದ್ ಮಾಡಿ ಒಂಬತ್ತು ದಾಖಲೆ ಒತ್ತಿದೆ, ಒಂಬತ್ತು ಹಸಿರು ಬಂತು. ಫೋನ್ ಆಫ್ ಮಾಡಿ ಆನ್ ಮಾಡಿದೆ, ಇದ್ದವು. ಬ್ಯಾಟರಿ ಕಿತ್ತು ಹಾಕಿದೆ, ಇದ್ದವು. ನನ್ನ ಫೋನಿನಿಂದ ಬ್ರೌಸರಿನ ಹೊಸ ಆವೃತ್ತಿ ಹಾಕಿದೆ, ಆಗಲೂ ಇದ್ದವು. ಮಧ್ಯಾಹ್ನದ ಹೊತ್ತಿಗೆ ನನಗೆ ಒಂಥರಾ ನಿರಾಳವಾಯಿತು, ಹೇಳಲು ನಾಚಿಕೆಯಾಗುತ್ತದೆ. ಅವನು ಸುಳ್ಳು ಹೇಳಿದ್ದಾನೆ, ನನ್ನದೇನೂ ತಪ್ಪಿಲ್ಲ ಎಂದು ಚಹಾ ಕುಡಿದೆ.

ಅಬ್ಬಾ ತಲೆ ಎತ್ತದೆ ನಮ್ಮ ಮನೆಮಾತಿನಲ್ಲಿ ಕೇಳಿದರು, "ಹಬ್ಬ ಕಳೆದ ಮೇಲೆ ನನ್ನ ಹತ್ತಿರ ಬರುವ ಫೋನುಗಳಿಗೆಲ್ಲ ಒಂದೇ ಕಾಯಿಲೆ, ಗೊತ್ತಾ? ಹೊಟ್ಟೆ ತುಂಬಿರುತ್ತೆ."

ಹೌದು, ಶುಭಾಶಯಗಳು. ಗಣೇಶನ ಚಿತ್ರ, ಗಣೇಶನ ವಿಡಿಯೋ, ಗೂಳೂರಿನ ಗಣೇಶನ ಹಳೆಯ ಫೋಟೋ, ದೀಪ ಉರಿಯುವ ಕಾರ್ಡು. ಎಲ್ಲ ಗುಂಪಿನಿಂದಲೂ ಎಲ್ಲರಿಗೂ ಬರುತ್ತವೆ, ಬಂದದ್ದೆಲ್ಲ ಫೋನಿನಲ್ಲಿ ಕೂರುತ್ತವೆ, ದೇವರ ಚಿತ್ರ ಎಂದು ಯಾರೂ ಅಳಿಸುವುದಿಲ್ಲ. ಊರಿನಲ್ಲಿ ಸಿಗ್ನಲ್ ಇಲ್ಲದಿದ್ದರೂ ಹಬ್ಬದ ದಿನ ನೆಂಟರ ಊರಿಗೆ ಹೋಗಿಬಂದರೆ ಸಾಕು, ಒಂದೇ ಸಲ ಸುರಿಯುತ್ತವೆ. ನನ್ನ ಫೋನಿಗೆ ಬಂದಿದ್ದನ್ನೆಲ್ಲ ಆ ಹಳೆ ಫೋನಿಗೆ ತುಂಬಿದೆ. ಜಾಗ ಉಳಿಯಿತು. ಅವನ್ನೇ ಇನ್ನೊಂದು ಸಲ, ಮತ್ತೊಂದು ಸಲ ತುಂಬಿದೆ. ಕೊನೆಗೆ 'ಜಾಗವಿಲ್ಲ' ಎಂಬ ಎಚ್ಚರಿಕೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಪೇಜು ತೆರೆದೆ. ಅದು ತೆರೆಯಲೇ ಇಲ್ಲ. ಸಿಗ್ನಲ್ ಕೊಟ್ಟ ಮೇಲೆ ತೆರೆಯಿತು, ಹೊಚ್ಚ ಹೊಸದಾಗಿ, ಯಾರೂ ಒಂದು ದಿನವೂ ಬಳಸಿಯೇ ಇಲ್ಲವೇನೋ ಎಂಬಂತೆ. ಒಂಬತ್ತರಲ್ಲಿ ಒಂದೂ ಇರಲಿಲ್ಲ.

ವಿಷಯ ಗುಟ್ಟೇನಲ್ಲ, ಸ್ಟ್ಯಾಂಡರ್ಡ್‌ನಲ್ಲೇ ಬರೆದಿದೆ. ಬ್ರೌಸರಿನ ಉಗ್ರಾಣ ಬಾಡಿಗೆ ಕೋಣೆ ಇದ್ದ ಹಾಗೆ. ಫೋನಿನಲ್ಲಿ ಜಾಗ ಸಾಲದೆ ಹೋದರೆ ಬ್ರೌಸರ್ ಯಾರನ್ನೂ ಕೇಳದೆ ಒಂದು ಸೈಟಿನ ಸಾಮಾನನ್ನೆಲ್ಲ ಹೊರಗೆ ಹಾಕಬಹುದು. ಬಹಳ ದಿನದಿಂದ ಮುಟ್ಟದ ಸೈಟು ಮೊದಲು ಹೋಗುತ್ತದೆ, ಸರಿಯೇ. ಆದರೆ ನೀರುಗಂಟಿಯ ಫೋನಿನಲ್ಲಿ ಬೇರೆ ಸೈಟೇ ಇರಲಿಲ್ಲ, ಹೊರಗೆ ಹಾಕಲು ಇದ್ದದ್ದು ನಮ್ಮದೊಂದೇ. 'ಇದನ್ನು ಖಾಲಿ ಮಾಡಬೇಡ' ಎಂದು ಮೊದಲೇ ಕೇಳಿಕೊಳ್ಳಲು ದಾರಿ ಇದೆ, ಒಂದು ಸಾಲು ಬರೆದರೆ ಆಯಿತು. ಆ ಸಾಲನ್ನು ನಾನು ಬರೆದಿರಲಿಲ್ಲ. ಆ ಪುಟ ಓದಿದ್ದೆನೋ ಇಲ್ಲವೋ ನೆನಪಿಲ್ಲ. ಭಕ್ತಿ ಇದ್ದವರೆಲ್ಲ ಶಾಸ್ತ್ರ ಓದಿರುವುದಿಲ್ಲ, ನಾನೂ ಅಷ್ಟೇ.

ಅಬ್ಬಾಗೆ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಗಿರಾಕಿಯ ಫೋನನ್ನು ನಾವೇ ಕೆಡಿಸಿದರೆ, ಮೊದಲು ಹೋಗಿ ಹೇಳಬೇಕು. ಆಮೇಲೆ ಸರಿ ಮಾಡಬೇಕು" ಎಂದರು.

ನಾನು ಉಲ್ಟಾ ಮಾಡಿದೆ. ಮೊದಲು ಸರಿ ಮಾಡುತ್ತೇನೆ, ಸರಿ ಮಾಡಿದ್ದನ್ನು ಕೈಯಲ್ಲಿ ಹಿಡಿದು ಹೋಗಿ ಹೇಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಅದೇ ಕೆಲಸವನ್ನು ಗುಬ್ಬಿ ಕಡೆಯ ಇನ್ನೆರಡು ಪಂಚಾಯ್ತಿಯವರು ಕೇಳಿದ್ದರು, ಮಾತುಕತೆ ನಡೆಯುತ್ತಿತ್ತು. ಒಬ್ಬರು ಸತ್ತಿದ್ದಾರೆ, ಇದರಲ್ಲಿ ನನ್ನ ಹೆಸರು ಬಂದರೆ ಎಂದು ನನಗೆ ಹೆದರಿಕೆಯಾಗಿತ್ತು. ಸೋಮವಾರದಿಂದ ಕೂತು ತಿದ್ದಿದೆ. ಖಾಲಿ ಮಾಡಬೇಡ ಎಂಬ ಸಾಲು ಬರೆದೆ. ಮೊದಲು ಎಲ್ಲ ದಿನಗಳ ದಾಖಲೆಯೂ ಫೋಟೋಗಳ ಜೊತೆ ಒಂದೇ ಕಂತೆಯಾಗಿ ಹೋಗುತ್ತಿತ್ತು, ಸಿಗ್ನಲ್ ಎಳೆಯಷ್ಟಿದ್ದರೆ ಅರ್ಧಕ್ಕೇ ಕಡಿದುಕೊಳ್ಳುತ್ತಿತ್ತು. ಈಗ ಒಂದೊಂದು ದಿನದ್ದನ್ನೂ ಬಿಡಿಬಿಡಿಯಾಗಿ, ಮೊದಲು ಬರೀ ಅಕ್ಷರ, ಆಮೇಲೆ ಫೋಟೋ ಕಳಿಸುವಂತೆ ಮಾಡಿದೆ. ಒತ್ತಿದ ಕೂಡಲೇ ಹಳದಿ ಬರುತ್ತದೆ. ಸರ್ವರ್ 'ಬಂತು' ಎಂದ ಮೇಲಷ್ಟೇ ಹಸಿರು.

ಕೆಲಸ ಮಾಡುತ್ತ ಸರ್ವರಿನ ಲಾಗ್ ನೋಡುತ್ತಿದ್ದೆ. ಯಾವ ಫೋನು ಯಾವಾಗ ಬಂದು ಏನು ಕೇಳಿತು ಎಂದು ಸರ್ವರ್ ಒಂದೊಂದು ಸಾಲು ಬರೆದಿಡುತ್ತದೆ, ಅದೇ ಲಾಗ್. ಬುಧವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಒಂದು ಸಾಲು: ನಾಲ್ಕನೇ ನಂಬರಿನ ನೀರುಗಂಟಿಯ ಪೇಜು ತೆರೆದಿದೆ. ಅವನನ್ನು ಕೆಲಸದಿಂದ ತೆಗೆದು ಐದು ದಿನವಾಗಿತ್ತು. ಬದಲಿಗೆ ಬಂದವನಿಗೆ ಏಳನೇ ನಂಬರ್ ಕೊಟ್ಟಿದ್ದೆ. ಗುರುವಾರವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂತು, ಶುಕ್ರವಾರವೂ ಬಂತು. ಏನೂ ಒತ್ತುವುದಿಲ್ಲ, ಏನೂ ಕಳಿಸುವುದಿಲ್ಲ. ಪೇಜು ತೆರೆಯುತ್ತದೆ, ಅಷ್ಟೇ. ಗುಬ್ಬಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಫೋನಿನಲ್ಲಿ ಲಾಗ್ ನೋಡುವುದು ನನಗೆ ಚಟವಾಯಿತು. ಇವತ್ತಾದರೂ ಬರದಿರಲಿ ಎಂದುಕೊಳ್ಳುತ್ತಿದ್ದೆ, ಆ ಸಾಲು ಬರುತ್ತಿತ್ತು. ಕದ ತಟ್ಟಿ, ತೆಗೆಯುವ ತನಕ ನಿಲ್ಲದೆ ಹೊರಟುಹೋಗುವವರ ಹಾಗೆ. ಹಗಲು ಹೊತ್ತಿನಲ್ಲಿ, ನೂರಾರು ಜನರ ನಡುವೆ ನಿಂತು ನನಗೆ ಭಯವಾಗುತ್ತಿತ್ತು.

ಮುಂದಿನ ಮಂಗಳವಾರವೂ ಆ ಸಾಲು ಬಂತು. ರೈಲು ಹತ್ತಿ ಕೂತವಳಿಗೆ ಪಂಚಾಯ್ತಿ ಕಡೆ ಹೋಗುವ ಹೆಬ್ಬೂರು ಬಸ್ಸೋ, ಆಫೀಸೋ ಎಂದು ತೀರ್ಮಾನವಾಗಿರಲಿಲ್ಲ. ತುಮಕೂರಿನಲ್ಲಿ ಇಳಿದು ನಿಂತಾಗ ಇನ್ನೊಂದು ವಿಷಯ ಹೊಳೆಯಿತು, ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಕಂತೆ ಅರ್ಧಕ್ಕೆ ಕಡಿದುಹೋದರೂ ಸರ್ವರ್ ಒಂದು ಸಾಲು ಬರೆದಿರುತ್ತದೆ! ಕಳಿಸಲು ಶುರು ಮಾಡಿದರು, ಕಾದೆ, ಪೂರ್ತಿ ಬರಲಿಲ್ಲ, ಕೈಬಿಟ್ಟೆ ಎಂದು ಹೇಳುವ ಒಂದು ಸಂಖ್ಯೆ ಇದೆ, ನಾನೂರ ಎಂಟು. ಅದು ಎಲ್ಲ ಸರ್ವರುಗಳೂ ಒಪ್ಪಿಕೊಂಡಿರುವ ಸಂಖ್ಯೆ. ಆ ಒಂಬತ್ತು ದಿನ ಅವನ ಫೋನು ಟ್ಯಾಂಕಿನ ಮೇಲೆ ಎಳೆ ಸಿಗ್ನಲ್ ಹಿಡಿದು ಪ್ರಯತ್ನ ಪಟ್ಟಿದ್ದರೆ, ಒಂಬತ್ತು ಸಾಲು ಇರಬೇಕು.

ಆಫೀಸಿಗೆ ಓಡಿದೆ. ಕಂಪ್ಯೂಟರ್ ತೆರೆದು ಹುಡುಕಿದೆ. ಹಬ್ಬದ ಮರುದಿನದ ಮಂಗಳವಾರ, ಏಳಕ್ಕೆ ಎಂಟು ನಿಮಿಷ, ನಾಲ್ಕನೇ ನಂಬರ್, ನಾನೂರ ಎಂಟು. ಬುಧವಾರ, ಏಳಕ್ಕೆ ಹತ್ತು ನಿಮಿಷ, ನಾನೂರ ಎಂಟು. ಅದಕ್ಕೂ ಹಿಂದಿನದನ್ನು ನೋಡಲು ಮೇಲೆ ಹೋದೆ. ಮೇಲೆ ಏನೂ ಇರಲಿಲ್ಲ.

ಲಾಗ್ ಹದಿನೈದು ದಿನ ಮಾತ್ರ ಇರುತ್ತದೆ. ಹದಿನಾರನೇ ದಿನ ತಾನಾಗಿಯೇ ಅಳಿಯುತ್ತದೆ. ಹದಿನೈದು ಎಂದು ಬರೆದದ್ದೂ ನಾನೇ, ಸರ್ವರಿನಲ್ಲಿ ಕಸ ತುಂಬಬಾರದೆಂದು. ಅಬ್ಬಾನ ಅಂಗಡಿಯಲ್ಲಿ ಕೂತ ಆ ಭಾನುವಾರ ನೋಡಿದ್ದರೆ ಅಷ್ಟೂ ದಿನದ್ದು ಸಿಗುತ್ತಿತ್ತು. ನಾನು ಬಣ್ಣ ಬದಲಾಯಿಸುತ್ತ ಕೂತೆ, ದಿನಕ್ಕೊಂದರಂತೆ ಏಳು ದಿನ ಅಳಿದುಹೋದವು. ಕಳಿಸಲು ಹೊರಟ ಕಂತೆ ಎಷ್ಟು ದೊಡ್ಡದಿತ್ತು ಎಂದು ಬರೆದಿಟ್ಟಿದ್ದರೂ ಸಾಕಿತ್ತು, ಬುಧವಾರದ ಸಾಲೊಂದೇ ಒಂಬತ್ತು ದಿನದ ಕಥೆ ಹೇಳುತ್ತಿತ್ತು. ಅದನ್ನು ಬರೆಯುವಂತೆ ಸರ್ವರಿಗೆ ನಾನು ಹೇಳಿರಲಿಲ್ಲ. ಮೇಜಿಗೆ ತಲೆ ಕೊಟ್ಟು ಅತ್ತುಬಿಟ್ಟೆ.

ಎರಡು ಸಾಲನ್ನು ಪ್ರಿಂಟ್ ಮಾಡಿದೆ. ತಪ್ಪು ನನ್ನ ಸಾಫ್ಟ್‌ವೇರಿನದು, ದಾಖಲೆ ಇಲ್ಲವೆಂದ ಮಾತ್ರಕ್ಕೆ ನೀರುಗಂಟಿ ಕೆಲಸ ಮಾಡಿಲ್ಲ ಎನ್ನಲು ಬರುವುದಿಲ್ಲ, ಸಭೆಯಲ್ಲಿ ನಾನು ಹೇಳಿದ್ದು ತಪ್ಪು ಎಂದು ಕಾಗದ ಬರೆದು ಸಹಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಪಂಚಾಯ್ತಿ ಮುಟ್ಟಿದೆ.

ಪಿಡಿಒ ಎರಡು ಸಲ ಓದಿದರು. "ಇದನ್ನ ಅವತ್ತೇ ಹೇಳೋಕೇನಾಗಿತ್ತು ಮೇಡಂ?"

"ಅವತ್ತು ಗೊತ್ತಿರ್ಲಿಲ್ಲ ಸಾರ್."

"ಯಾವತ್ತು ಗೊತ್ತಾಯ್ತು?"

"ಹೋದ ವಾರಕ್ಕೂ ಮೊದ್ಲು. ಸಭೆ ಆದ್ಮೇಲಿನ ಭಾನುವಾರನೇ."

ಅವರು ನನ್ನನ್ನು ಬೈಯಲಿಲ್ಲ. ಕಾಗದದ ಮೇಲೆ ಸೀಲು ಒತ್ತಿದರು. "ಸೋಮವಾರದಿಂದ ವಾಪಸ್ ತಗೊಳ್ತೀವಿ. ನಮ್ದೂ ತಪ್ಪಿದೆ, ಆತುರ ಬಿದ್ವಿ. ಪೈಪ್ ಎಲ್ಲಾದ್ರೂ ಚರಂಡಿ ಹತ್ರ ಒಡೆದಿದ್ಯಾ ಅಂತ ಇವಾಗ ಅಗೆಸ್ತಾ ಇದೀನಿ" ಎಂದರು. ಬಾಗಿಲ ತನಕ ಬಂದು, "ನೀವೇ ಹೋಗಿ ಹೇಳಿ ಅವ್ನಿಗೆ. ನನ್ ಮಾತು ಕೇಳೋ ಸ್ಥಿತೀಲಿಲ್ಲ ಅವ್ನು" ಎಂದರು.

ನೀರುಗಂಟಿ ಮನೆಯ ಮುಂದೆ ತೆಂಗಿನಕಾಯಿ ಸುಲಿಯುತ್ತಿದ್ದ. ನನ್ನನ್ನು ಕಂಡು ಎದ್ದು, ಒಳಗಿನಿಂದ ಚಾಪೆ ತಂದು ಹಾಸಿದ. "ಕುಂತ್ಕಳಿ ಮೇಡಮ್ಮೋರೆ." ನಾನು ಕೂರದೆ ಎಲ್ಲವನ್ನೂ ಹೇಳಿದೆ. ಫೋನು ತುಂಬಿದ್ದು, ಬ್ರೌಸರ್ ಹೊರಗೆ ಹಾಕಿದ್ದು, ನನಗೆ ಗೊತ್ತಾದ ಮೇಲೂ ಸುಮ್ಮನಿದ್ದದ್ದು. ಕೆಲಸ ವಾಪಸ್ ಸಿಕ್ಕಿದೆ ಎಂದೆ. ಅವನ ಮುಖದಲ್ಲಿ ಖುಷಿ ಕಾಣಲಿಲ್ಲ.

"ಅಣ್ಣಾ, ದಿನಾ ಬೆಳಿಗ್ಗೆ ಪೇಜ್ ಯಾಕೆ ತೆಗೀತಿದ್ರಿ?"

"ನಿಮ್ಗೆಂಗೆ ಗೊತ್ತು?" ಎಂದು ಸ್ವಲ್ಪ ನಾಚಿದ. "ದಿಬ್ಬ ಹತ್ತುದ್ರೆ ಒಸಿ ಸಿಗ್ನಲ್ ಸಿಗ್ತದೆ, ಹಳೇ ಹಸ್ರು ವಾಪಸ್ ಬಂದವೇನೋ ಅಂತ ನೋಡ್ತಿದ್ದೆ."

ಸುಲಿದ ಕಾಯಿಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ. "ಮೊದ್ಲು ಮೊದ್ಲು ಹಾಕಿದೀನಿ ಅಂತ ಎಲ್ರ ಮೇಲೂ ಜಗಳಕ್ಕೆ ಹೋದೆ. ಆಮ್ಯಾಕೆ ಯೋಚ್ನೆ ಬಂತು. ದಿನಾ ಮಾಡೋ ಕೆಲ್ಸ ಮೇಡಮ್ಮೋರೆ, ಒಂದ್ ದಿನದ್ದು ಒಂದ್ ದಿನದಂಗೇ ಇರ್ತದೆ. ಬೆಳಿಗ್ಗೆ ಹಲ್ಲುಜ್ಜಿದ್ದು ಯಾರಿಗ್ ನೆಪ್ಪಿರ್ತದೆ? ನೀವು ಓದ್ದೋರು, ಮಾಡಿದೋರೇ ನೀವು, ಇಲ್ಲ ಅಂದ್ಬುಟ್ರಿ. ಅಂಗಾದ್ರೆ ಹಬ್ಬದ ಗಲಾಟೇಲಿ ಹಾಕ್ಲಿಲ್ವೇನೋ, ಹಾಕಿದೀನಿ ಅನ್ಕಂಡಿದ್ದು ಹಿಂದಿನ ವಾರದ್ದೇನೋ ಅಂತ. ತೀರ್ಕಂಡ ಆಯಮ್ಮ ದಿನಾ ನಾನ್ ಟ್ಯಾಂಕ್ ಇಳಿಯೋ ಹೊತ್ಗೆ ಟೀ ಹಿಡ್ಕಂಡು ನಿಂತಿರ್ತಿತ್ತು. ಅದೇ ಕಣ್ಮುಂದೆ ಬರ್ತದೆ."

ಬ್ಯಾಗಿನಿಂದ ಪ್ರಿಂಟ್ ತೆಗೆದು ಕೊಟ್ಟೆ. ಅಂಕಿಗಳಿಗೆ ಬೆರಳಿಟ್ಟು ತೋರಿಸಿದೆ. ಇದು ಮಂಗಳವಾರ, ಏಳಕ್ಕೆ ಎಂಟು ನಿಮಿಷ. ಇದು ಬುಧವಾರ, ಏಳಕ್ಕೆ ಹತ್ತು. ಈ ನಾಲ್ಕು ನಿಮ್ಮ ನಂಬರ್. ನೀವು ಒತ್ತಿದ್ದೀರಿ, ನಿಮ್ಮ ಫೋನು ಕಳಿಸಲು ನೋಡಿದೆ, ನನ್ನ ಸರ್ವರ್ ಪೂರ್ತಿ ತೆಗೆದುಕೊಳ್ಳಲಿಲ್ಲ.

ಅವನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ತುಟಿ ಅಲುಗುತ್ತಿತ್ತು, ಬಾಯಲ್ಲೇ ಎಣಿಸುತ್ತಿದ್ದ. ಮುಖ ಸ್ವಲ್ಪ ಸಡಿಲವಾಯಿತು. "ಅಂಗಾದ್ರೆ ಈ ಎರಡು ದಿನ ಹಾಕಿದೀನಿ" ಎಂದ.

"ಹಾಕಿದೀರಿ ಅಣ್ಣಾ."

ಕಾಗದ ತಿರುಗಿಸಿ ಹಿಂಬದಿ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ.

"ಮಿಕ್ಕಿದ್ ಏಳು ದಿನ?" ಎಂದು ನನ್ನನ್ನು ಕೇಳಿದ.